ನೀರುನಾಯಿ ಕಂಡ ಭಾನುವಾರ

ಎಪ್ಪತ್ತರ ದಶಕದ ಕೊನೆಯಲ್ಲಿ ಮಂಗಳೂರಿನ ಆಫೀಸಿಗೆ ವರ್ಗವಾಗಿ ಬಂದಾಗ ನನಗೆ ತುಳುವಿನ ಗಂಧಗಾಳಿಯೂ ಇರಲಿಲ್ಲ. ನಾನು ಚಿತ್ರದುರ್ಗದ ಕಡೆಯವನು. ಈ ಊರಿನವರ ಸೌಜನ್ಯವೇ ನನ್ನನ್ನು ಒಂಟಿ ಮಾಡಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ನಾಲ್ಕು ಜನ ತುಳುವಿನಲ್ಲಿ ಹರಟುತ್ತಾ ನಗುತ್ತಿರುವಲ್ಲಿಗೆ ನಾನು ಹೋಗಿ ನಿಂತರೆ ಸಾಕು, ನೆಂಟರು ಬಂದಾಗ ಚಾಪೆ ಹಾಸಿದ ಹಾಗೆ ತಟ್ಟನೆ ಕನ್ನಡಕ್ಕೆ ಬಂದುಬಿಡುತ್ತಿದ್ದರು. ಅದು ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಅದರಲ್ಲಿ ತಮಾಷೆ ಮಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ. ನಗು ನಿಲ್ಲುತ್ತಿತ್ತು, ಒಂದೆರಡು ಮಾತಾಡಿ ಎಲ್ಲರೂ ತಂತಮ್ಮ ಮೇಜಿಗೆ ಹೋಗುತ್ತಿದ್ದರು.

ಎರಡು ವರ್ಷದಲ್ಲಿ ಕೇಳಿ ಕೇಳಿ ತುಳು ಅರ್ಥವಾಗತೊಡಗಿತು. ಆದರೆ ಆಡಲು ನಾಲಿಗೆ ಹೊರಳುತ್ತಿರಲಿಲ್ಲ. ಅರ್ಥವಾಗುತ್ತದೆ ಎಂದು ಹೇಳಿಕೊಳ್ಳಲು ಸಂಕೋಚ. ಕಂಕನಾಡಿಯ ಬಾಡಿಗೆ ಕೋಣೆ, ಮೆಸ್ಸು, ಆಫೀಸು ಇಷ್ಟೇ ನನ್ನ ಮಂಗಳೂರು. ಆ ಊರಿನಲ್ಲಿ ಒಬ್ಬರ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಯಾರಾದರೂ ಒಮ್ಮೆ ಊಟಕ್ಕೆ ಕರೆದಾರೆಯೇ ಎಂದು ನಾಚಿಕೆ ಬಿಟ್ಟು ಕಾಯುತ್ತಿದ್ದೆ.

ಬೇಸಗೆಯ ಒಂದು ಭಾನುವಾರ ಇಬ್ಬರು ಸಹೋದ್ಯೋಗಿಗಳು ನನ್ನನ್ನು ಕಾರಿಗೆ ಹತ್ತಿಸಿಕೊಂಡರು. ಹೋಟೆಲು ನಡೆಸುವ ಮನೆತನದವನು ತನ್ನ ಮಾವನ ಅಂಬಾಸಿಡರ್ ತಂದಿದ್ದ. ಪಕ್ಕದಲ್ಲಿ ಬೋಳಾರದ ಮೀನುಗಾರರ ಮನೆಯವನು. ನೇತ್ರಾವತಿಯ ಪಕ್ಕದ ರಸ್ತೆಯಲ್ಲಿ ಉಪ್ಪಿನಂಗಡಿಯವರೆಗೆ ಹೋಗಿ, ಅಲ್ಲಿಂದ ಕುಮಾರಧಾರೆಯ ದಂಡೆಯಲ್ಲಿ ಪ್ರಾಣಿ ಪಕ್ಷಿ ನೋಡುವುದೆಂದು ಹೊರಟೆವು. ಹಿಂದಿನ ಸೀಟು ಪೂರ್ತಿ ನನ್ನದೇ.

"ಎಡಗಡೆ ನೋಡಿ, ಮರದಲ್ಲಿ ಮಂಗಟ್ಟೆ ಉಂಟು," ಎಂದು ಬೋಳಾರದವನು ತೋರಿಸಿದ. ದೊಡ್ಡ ಕೊಕ್ಕಿನ ಹಕ್ಕಿ, ಕಾರು ನಿಲ್ಲುವಷ್ಟರಲ್ಲಿ ಹಾರಿಹೋಯಿತು. ಮುಂದೊಂದು ಕಡೆ ಮೊಸಳೆ ಎಂದು ಉಸಿರು ಬಿಗಿಹಿಡಿದು ನೋಡಿದ್ದು ಮರದ ದಿಮ್ಮಿ. ಮೂವರೂ ನಕ್ಕೆವು. ಆಮೇಲೆ ಅವರು ಮುಂದಿನ ರಸ್ತೆಯನ್ನೂ ನಾನು ಕಿಟಕಿಯಾಚೆಯ ಹೊಳೆಯನ್ನೂ ನೋಡುತ್ತಾ ಕುಳಿತೆವು.

ಮಧ್ಯಾಹ್ನ ಹೊಳೆಯ ಬಂಡೆಯ ಮೇಲೆ ನೀರುನಾಯಿಗಳು ಕಂಡವು. ಮೈ ಒರಸಿಕೊಳ್ಳುತ್ತಾ, ಒಂದರ ಮೇಲೊಂದು ಬೀಳುತ್ತಾ, ಒಂದೇ ಮೀನಿಗೆ ಕಿತ್ತಾಡುತ್ತಿದ್ದವು. "ತೂಲೆ, ತೂಲೆ!" ನೋಡಿ, ನೋಡಿ ಎಂದು ತುಳುವಿನಲ್ಲಿ ಕೂಗುತ್ತಾ ಇಬ್ಬರೂ ನನ್ನ ತೋಳು ಹಿಡಿದು ಎಳೆದರು. ಬಲೆ ಹರಿಯುವ ಕಳ್ಳರು ಇವರೇ ಎಂದು ಬೋಳಾರದವನು ತುಳುವಿನಲ್ಲೇ ಬಯ್ದ, ಇನ್ನೊಬ್ಬ ಅವನನ್ನೇ ಛೇಡಿಸಿದ. ನಾನು ಹೊರಗಿನವನೆಂಬುದನ್ನೇ ಅವರು ಮರೆತಿದ್ದರು. ನನಗೆ ಅದೆಷ್ಟು ಹಿತವಾಗಿತ್ತು! ಅಷ್ಟರಲ್ಲಿ ಬೋಳಾರದವನಿಗೆ ನೆನಪಾಯಿತು. ತೋಳು ಬಿಟ್ಟು, ಗಂಟಲು ಸರಿಮಾಡಿಕೊಂಡು, "ಇದು ನೀರುನಾಯಿ. ಮೀನು ತಿನ್ನುತ್ತದೆ," ಎಂದ.

ವಾಪಸು ಬರುವಾಗ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ಅವರಾದರೂ ನಗಲಿ ಎಂದು. ಎರಡೇ ನಿಮಿಷ, ಮುಂದಿನ ಸೀಟಿನಲ್ಲಿ ತುಳು ಶುರುವಾಯಿತು. ಕೇಳುತ್ತಾ ನಾನೂ ಒಳಗೊಳಗೇ ನಗುತ್ತಿದ್ದೆ. ಬಂಟ್ವಾಳ ದಾಟಿದ ಮೇಲೆ ಬೋಳಾರದವನು ಬರುವ ಭಾನುವಾರ ಮನೆಯಲ್ಲಿ ಮೀನೂಟ, ಆಫೀಸಿನವರೆಲ್ಲ ಬರುತ್ತಾರೆ ಎಂದ.

ಇವರನ್ನೂ ಕರೆಯುತ್ತೀಯಾ ಎಂದು ಕಾರು ಓಡಿಸುತ್ತಿದ್ದವನು ಕೇಳಿದ.

ಕರೆಯಬೇಕು ಅಂತಲೇ ಇತ್ತು ಮಾರಾಯ, ಒಳ್ಳೆಯ ಜನ, ಎಂದ ಬೋಳಾರದವನು. ಆದರೆ ಅಮ್ಮನಿಗೂ ಅಜ್ಜಿಗೂ ಕನ್ನಡ ಬರುವುದಿಲ್ಲ. ಇವರು ಬಂದರೆ ಮನೆಯವರೆಲ್ಲ ಬಾಯಿ ಮುಚ್ಚಿಕೊಂಡು ಕೂರಬೇಕು. ಇವರಿಗೂ ಬೇಸರ. ಬೇಡ.

ಆ ದನಿಯಲ್ಲಿ ತಿರಸ್ಕಾರವಿದ್ದಿದ್ದರೆ ಸಿಟ್ಟಾದರೂ ಬರುತ್ತಿತ್ತು. ನನಗೆ ಅರ್ಥವಾಗುತ್ತದೆ, ನಾನೂ ಬರುತ್ತೇನೆ ಎಂದು ತುಳುವಿನಲ್ಲಿ ಹೇಳಲು ಮನಸ್ಸಿನಲ್ಲೇ ವಾಕ್ಯ ಜೋಡಿಸಿದೆ. ಹೇಳಿದರೆ ಇಷ್ಟು ಹೊತ್ತು ಕದ್ದು ಕೇಳಿದಂತಾಗುತ್ತದಲ್ಲ! ಕಣ್ಣು ತೆರೆಯಲಿಲ್ಲ.

ಕಂಕನಾಡಿಯಲ್ಲಿ ಕಾರು ನಿಂತಿತು. ಬೋಳಾರದವನು ಹಿಂದಕ್ಕೆ ಬಾಗಿ ಮೆತ್ತಗೆ ಭುಜ ಮುಟ್ಟಿದ.

"ಏಳಿ ಮಾರಾಯ್ರೆ, ನಿಮ್ಮ ರೂಮು ಬಂತು. ಒಳ್ಳೆ ನಿದ್ದೆ ಅಲ್ವಾ?"

"ಹೌದು, ಒಳ್ಳೆ ನಿದ್ದೆ," ಎಂದೆ, ಕನ್ನಡದಲ್ಲಿ.