ಎಡೆ ಉಂಡ ಬೆಕ್ಕುಗಳೊಡನೆ ರಾಜಿ

ನಮ್ಮ ಬೆಕ್ಕುಗಳು ಹುಟ್ಟಾ ಹೊಟ್ಟೆಬಾಕಗಳೇನಲ್ಲ. ಕುದೂರಿನ ನಮ್ಮ ಮನೆಯಲ್ಲಿ ರಾಗಿ ಮೂಟೆಗಳಿದ್ದಷ್ಟು ಕಾಲ ಇಲಿಗಳಿದ್ದವು, ಇಲಿಗಳಿದ್ದಷ್ಟು ಕಾಲ ಬೆಕ್ಕುಗಳಿಗೆ ಕೆಲಸವಿತ್ತು. ಕೆಂಚು ಬಣ್ಣದ ತಾಯಿ, ಬೂದು ಬಣ್ಣದ ಮಗ. ಎರಡೂ ದುಡಿದು ತಿನ್ನುತ್ತಿದ್ದವು. ಅಡುಗೆಮನೆಗೆ ಬಂದರೂ ನೆಂಟರ ಹಾಗೆ ಬಂದು ಹೋಗುತ್ತಿದ್ದವು.

ಆಮೇಲೆ ಸುತ್ತಮುತ್ತ ಕಾರ್ಖಾನೆಗಳು ಬರತೊಡಗಿದವು. ನಮ್ಮ ಹೊಲವನ್ನು ಒಂದು ಕಂಪನಿ ಗೋದಾಮು ಕಟ್ಟಲು ತೆಗೆದುಕೊಂಡಿತು. ಮನೆಗೊಂದು ಕೆಲಸವನ್ನೂ ಕೊಟ್ಟಿತು. ನನ್ನ ಗಂಡ ಹೆದ್ದಾರಿ ಪಕ್ಕದ ಅವರ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಆದರು. ನೀಲಿ ಯೂನಿಫಾರ್ಮು, ಕೊರಳಿಗೆ ಗುರುತಿನ ಚೀಟಿ, ಮಾತಿಗೊಮ್ಮೆ ‘ಶಿಸ್ತು’. ನಾವು ರಾಗಿಹಿಟ್ಟನ್ನು ಅಂಗಡಿಯಿಂದ ತರುವವರಾದೆವು. ಇಲಿಗಳು ಬೇರೆ ಮನೆ ನೋಡಿಕೊಂಡವು. ಹೊಲ ಹೋದದ್ದಕ್ಕೆ ಎಲ್ಲರಿಗೂ ಏನಾದರೊಂದು ಸಿಕ್ಕಿತು. ಬೆಕ್ಕುಗಳ ವಿಚಾರ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಕೆಲಸ ಕಳೆದುಕೊಂಡ ಅವು ದಿನವಿಡೀ ನನ್ನ ಕಾಲಡಿಯೇ ಸುತ್ತತೊಡಗಿದವು. ಹಾಲು ಮೊಸರು ಬಿಡಿ, ದೋಸೆ ಹಿಟ್ಟು, ಮುದ್ದೆ, ಕಾಯಿತುರಿ ಯಾವುದನ್ನೂ ಬಿಡಲಿಲ್ಲ. ಕುಕ್ಕರ್ ಕೂಗುವ ಮೊದಲೇ ಅವು ಕೂಗುತ್ತಿದ್ದವು. ಶಿಸ್ತು ಕಲಿಸಬೇಕೆಂದು ನನ್ನ ಗಂಡ ಭಾನುವಾರಗಳಲ್ಲಿ ಅವುಗಳೆದುರು ಬೆರಳೆತ್ತಿ ಮಾತಾಡಿದರು. ಅವು ಬೆರಳನ್ನು ಮೂಸಿ ನೋಡಿದವು.

ಅಷ್ಟರಲ್ಲಿ ಪಿತೃಪಕ್ಷ ಬಂತು. ತೀರಿಹೋದ ನಮ್ಮ ಮಾವನಿಗೆ ಅತ್ತೆ ಎಡೆ ಇಟ್ಟರು. ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಅವರು ಸೇದುತ್ತಿದ್ದ ಬೀಡಿ ಕಟ್ಟು. ಹಿರಿಯರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ ನೆಂಟರೆಲ್ಲ ಹೊರಗೆ ನಿಂತೆವು. ಬಾಗಿಲು ತೆಗೆದರೆ ಎಲೆ ತೊಳೆದಿಟ್ಟಂತಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಬಂದು ಉಂಡವ್ರೆ ಕಣವ್ವ. ಮೂಳೆನೂ ಬುಟ್ಟಿಲ್ಲ.”

ನೆಂಟರು ಕೈಮುಗಿದರು. ನನ್ನ ಗಂಡ ಉದ್ದಂಡ ನಮಸ್ಕಾರ ಹಾಕಿದರು. ಹಾಗೆ ಮಲಗಿದ್ದವರಿಗೇ ಮಂಚದ ಕೆಳಗಿನ ದೃಶ್ಯ ಮೊದಲು ಕಂಡದ್ದು. ತಾಯಿಗೊಂದು, ಮಗನಿಗೊಂದು ಮೂಳೆ. ನಿಶ್ಶಬ್ದದಲ್ಲಿ ಕಟಕಟ ಸದ್ದು ಎಲ್ಲರಿಗೂ ಕೇಳಿಸಿತು. ಬೀಡಿ ಕಟ್ಟು ಇಟ್ಟ ಹಾಗೇ ಇದ್ದದ್ದು ನೋಡಿ ತಮಗೆ ಆಗಲೇ ಒಸಿ ಅನುಮಾನ ಬಂದಿತ್ತೆಂದು ಅತ್ತೆಯ ತಮ್ಮ ಹೇಳಿದರು.

ಮರುದಿನವೇ ನನ್ನ ಗಂಡ ಒಣಮೀನಿನ ಆಸೆ ತೋರಿಸಿ ಎರಡನ್ನೂ ಗೋಣಿಚೀಲಕ್ಕೆ ತುಂಬಿ, ಬೈಕಿನಲ್ಲಿ ಒಯ್ದು ಕಾರ್ಖಾನೆಯ ಕ್ಯಾಂಟೀನಿನ ಹಿಂದೆ ಬಿಟ್ಟು ಬಂದರು. ನಾನು ಬೇಡವೆಂದು ಗೋಗರೆದೆ. ನಮಗಿಂತ ಒಳ್ಳೆಯ ಊಟ ಸಿಗುತ್ತದೆಂದರು. ಅಲ್ಲಿ ನಾಯಿಗಳೂ ಇವೆಯೆಂಬುದನ್ನು ಹೇಳಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಶಿಫ್ಟ್ ಮುಗಿದು ನೀಲಿ ಯೂನಿಫಾರ್ಮಿನ ಜನ ಗೇಟಿನತ್ತ ಬರುತ್ತಿದ್ದಾಗ, ಎಲುಬು ಕಾಣುವಷ್ಟು ಸೊರಗಿದ್ದ ಎರಡೂ ಬೆಕ್ಕುಗಳು ಅಷ್ಟು ಜನರ ನಡುವೆ ಇವರೊಬ್ಬರನ್ನೇ ಹುಡುಕಿ ಅರಚುತ್ತಾ ಬಂದವಂತೆ. ಸೆಕ್ಯುರಿಟಿ ಅಧಿಕಾರಿ ಕೇಳಿದರಂತೆ, “ನಿಮ್ಮವೇನ್ರೀ ಇವು?” ಇವರು ಅಲ್ಲ ಸಾರ್ ಅಂದರಂತೆ. ಅನ್ನುವಾಗಲೇ ತಾಯಿ ಬೆಕ್ಕು ಮುಂಗಾಲುಗಳನ್ನು ಇವರ ಪ್ಯಾಂಟಿನ ಮೇಲಿಟ್ಟು ನಿಂತಿತಂತೆ. ಅಧಿಕಾರಿ ಪ್ಯಾಕಿಂಗ್ ವಿಭಾಗದತ್ತ ಕೈ ತೋರಿಸಿದರಂತೆ. ‘ಒಡೆಯುವ ವಸ್ತು, ಎಚ್ಚರಿಕೆ’ ಎಂದು ಅಚ್ಚಾಗಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಎರಡೂ ಮನೆಗೆ ಬಂದವು.

ಬಂದವು, ಆದರೆ ಮೊದಲಿನ ಬೆಕ್ಕುಗಳಲ್ಲ. ಹಾಕಿದ್ದನ್ನು ಅಗಿಯದೆ ನುಂಗಿ, ಕಕ್ಕಿ, ಮತ್ತೆ ಬೇಡುತ್ತಿದ್ದವು. ತಾಯಿ ಮಗ ಒಂದರ ಮೇಲೊಂದು ತಟ್ಟೆಯೆದುರು ಗುರ್ ಎನ್ನುತ್ತಿದ್ದವು. ಗೇಟಿನಲ್ಲಿ ಹಸಿವು ಕೊಟ್ಟಿದ್ದ ಧೈರ್ಯ ಹೋಗಿ, ಈಗ ಗೋಣಿಚೀಲದ ಸದ್ದಾದರೆ, ನೀಲಿ ಬಟ್ಟೆ ಕಂಡರೆ ಅಟ್ಟ ಹತ್ತುತ್ತಿದ್ದವು. ಕರೆದರೂ ಬರುವುದಿಲ್ಲವೆಂದು ನನ್ನ ಗಂಡ ಬೇಸರಪಟ್ಟುಕೊಂಡಾಗ ಅತ್ತೆ ಅಂದರು, “ಚೀಲದಾಗೆ ಕಟ್ಟಾಕಿದೋನ್ನ ತಿರ್ಗಾ ನಂಬಕ್ಕೆ ಅವೇನು ಮನ್ಸ್ರಾ?”

ನಾನು ಅಡುಗೆಯನ್ನೆಲ್ಲ ಜಾಲರಿ ಬೀರುವಿಗೆ ಸೇರಿಸಿ ಬೈಯುವುದನ್ನೇ ಬಿಟ್ಟೆ. ಬೆಳಿಗ್ಗೆ ಸಂಜೆ ಅದೇ ಹೊತ್ತಿಗೆ, ಎರಡು ಮೂಲೆಯಲ್ಲಿ ಎರಡು ತಟ್ಟೆ ಇಟ್ಟೆ. ಸ್ವಲ್ಪ ಹಾಕಿ, ಅದು ಇಳಿದ ಮೇಲೆ ಇನ್ನಷ್ಟು. ತಿನ್ನುವಾಗ ಯಾರೂ ಮುಟ್ಟುವ ಹಾಗಿಲ್ಲ. ಗಂಡನಿಗೆ ಯೂನಿಫಾರ್ಮನ್ನು ಜಗುಲಿಯಲ್ಲೇ ಕಳಚಿ ಒಳಗೆ ಬರಲು ಹೇಳಿದೆ. ಹೀಗೆ ಸೂಪರ್‌ವೈಸರು ದಿನಾ ಬೀದಿಯವರೆದುರು ಲುಂಗಿ ಸುತ್ತಿಕೊಳ್ಳಬೇಕಾಯಿತು.

ಆಮೇಲೆ ತಟ್ಟೆ ಇಡುವ ಕೆಲಸವನ್ನೇ ಅವರಿಗೆ ಕೊಟ್ಟೆ. ಇಟ್ಟು, ದೂರ ಹೋಗಿ, ಗೋಡೆಗೊರಗಿ ಸುಮ್ಮನೆ ಕೂರಬೇಕು. ಸುಮ್ಮನಿರುವುದು ಅವರಿಗೆ ಕಷ್ಟವಾಯಿತು. ಸ್ವಲ್ಪ ಸಲಿಗೆ ಕಂಡಕೂಡಲೇ ಬೂದು ಬೆಕ್ಕನ್ನು ಎತ್ತಿಕೊಳ್ಳಲು ಹೋಗಿ ಕೈತುಂಬ ಪರಚಿಸಿಕೊಂಡರು. ಕಾರ್ಖಾನೆಯಲ್ಲಿ ಕೇಳಿದಾಗ ನಾಚಿಕೆಯಿಂದ ಮೆಷೀನು ತಾಗಿತೆಂದರು. ಸುರಕ್ಷತೆಯವರು ಆ ಮೆಷೀನನ್ನು ನಿಲ್ಲಿಸಿ ಪರೀಕ್ಷಿಸಿದರು, ಇವರನ್ನು ಮತ್ತೆ ತರಬೇತಿಗೆ ಕೂರಿಸಿದರು. ಮನೆಯಲ್ಲೂ ನಾವು ಮೊದಲಿನಿಂದ ಶುರುಮಾಡಿದೆವು.

ತಾಯಿ ಬೆಕ್ಕು ಕೊನೆಯವರೆಗೂ ಅವರನ್ನು ಪೂರ್ತಿ ನಂಬಲಿಲ್ಲ. ಅವರು ಇಟ್ಟದ್ದನ್ನು ತಿನ್ನುತ್ತಿತ್ತು, ಕಣ್ಣು ಅವರ ಕೈಮೇಲೇ ಇರುತ್ತಿತ್ತು. ಮಗನದು ಮೆದು ಮನಸ್ಸು. ಆ ಚಳಿಗಾಲದ ಒಂದು ಸಂಜೆ ಮೀನು ಕಲಸಿದ ಅನ್ನವನ್ನು ಅರ್ಧ ತಿಂದು, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು, ಮೀಸೆ ಒರೆಸಿಕೊಂಡು ಹೋಗಿ ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತು.

ನನ್ನ ಗಂಡ ಗಾಬರಿಯಾದರು. “ತಟ್ಟೇಲಿ ಬುಟ್ಬುಟ್ಟೈತೆ ಕಣೇ. ಡಾಕ್ಟ್ರಿಗೆ ತೋರಿಸ್ಬೇಕಾ?”

“ಏನೂ ಆಗಿಲ್ಲ. ನಾಳೆನೂ ಸಿಕ್ತದೆ ಅಂತ ಗೊತ್ತಾಗೈತೆ ಅಷ್ಟೇ,” ಅಂದೆ.

ಅವರು ನಂಬಲಿಲ್ಲ. ಬಗ್ಗಿ ಅದರ ಹೊಟ್ಟೆ ಮುಟ್ಟಿ ನೋಡಿದರು. ಅದು ಒಂದು ಕಣ್ಣು ತೆರೆದು, ನೋಡಿ, ಮುಚ್ಚಿಕೊಂಡಿತು. ಆಮೇಲೆ ಬಹಳ ಹೊತ್ತು ಅವರು ಕಾಲು ಅಲುಗಿಸಲಿಲ್ಲ. ತಮ್ಮ ಊಟವನ್ನು ಅಲ್ಲಿಗೇ ತರುವಂತೆ ನನಗೆ ಕೈಸನ್ನೆ ಮಾಡಿದರು.