ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕೋಲು

ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ನಮ್ಮೂರಿಗೆ ತಿರುಗುವ ಕಡೆ, ಹುಣಸೆಮರದ ಪಕ್ಕ ತಗಡಿನ ಸೂರಿನ ಅಂಗಡಿಯೊಂದಿದೆ. ಬೋರ್ಡು ಇಲ್ಲ. ಮುಂದುಗಡೆ ಬಿದಿರಿನ ಗಳಕ್ಕೆ ಸಾಲಾಗಿ ಊರುಗೋಲುಗಳನ್ನು ತೂಗುಹಾಕಿರುತ್ತಾರೆ. ಬೆಳಗಿನ ಬಿಸಿಲು ಬಿದ್ದಾಗ ಅವುಗಳ ಹಿಡಿಯೊಳಗಿಂದ ಕೆಂಪು, ಹಸಿರು, ಹಳದಿ ಬೆಳಕು ನೆಲಕ್ಕೆ ಚೆಲ್ಲುತ್ತದೆ. ಬಸ್ಸಿನಲ್ಲಿ ಹೋಗುವವರು ಐಸ್‌ಕ್ಯಾಂಡಿ ಅಂಗಡಿ ಅಂದುಕೊಂಡು ಇಳಿದದ್ದೂ ಉಂಟು. ಅದು ಸಿದ್ದರಾಜುವಿನ ಅಂಗಡಿ.

ಸಿದ್ದರಾಜು ನನ್ನ ಕಣ್ಣೆದುರೇ ಬೆಳೆದವನು. ಚಿಕ್ಕವನಾಗಿದ್ದಾಗ ಕೈಗೊಂದು ಚಾಕು ಸಿಕ್ಕಿದರೆ ಬೇಲಿಯ ಗೂಟವನ್ನೂ ಉಳಿಸುತ್ತಿರಲಿಲ್ಲ. ಅವರಪ್ಪ ಬೈದೂ ಬೈದೂ ಸಾಕಾಗಿ, ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿ ಬೊಂಬೆ ಕಡೆಯುವವರ ಬಳಿ ಬಿಟ್ಟು ಬಂದರು. ಅಲ್ಲಿ ಬುಗುರಿ, ಗಿಲಕಿ ಕಡೆಯುತ್ತ ದೊಡ್ಡವನಾದ. ಮದುವೆಯಾದ ಮೇಲೆ ಊರಿಗೆ ಬಂದು ಮಂಚದ ಕಾಲು, ತೊಟ್ಟಿಲ ಗುಂಡು ಕಡೆಯಲು ಕೂತ. ಅಷ್ಟರಲ್ಲಿ ಮಂಚವೆಲ್ಲ ರೆಡಿಮೇಡ್ ಬರತೊಡಗಿತು. ಆದರೆ ಅವನು ಸುಮ್ಮನೆ ಕೂರುವ ಆಳಲ್ಲ, ಬಾಯಂತೂ ಅವನ ಮರ ಕಡೆಯುವ ಲೇತಿಗಿಂತ ಜೋರಾಗಿ ತಿರುಗುತ್ತದೆ. ಯಾರೋ ಹೊರದೇಶದವನು ಮರದ ಬಿರುಕಿಗೆ ಬಣ್ಣದ ಅಂಟು ಹೊಯ್ಯುವುದನ್ನು ಫೋನಿನಲ್ಲಿ ನೋಡಿದ. ಎರಡು ಡಬ್ಬಿಯ ಅಂಟು, ಒಂದಕ್ಕೊಂದು ಬೆರೆಸಿದರೆ ಮಾರನೆ ದಿನಕ್ಕೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ರೆಸಿನ್ನು ಅನ್ನುತ್ತಾರಂತೆ. ಮುರಿದ ನೊಗ, ಹಳೆ ಬಾಗಿಲ ತುಂಡು ಎಲ್ಲ ತಂದು, ಬಿರುಕಿಗೆ ಅದನ್ನು ಹೊಯ್ದು, ಕಡೆದು, ನುಣುಪು ಮಾಡಿ ಕೋಲು ಮಾಡಿದ. ಮೊದಮೊದಲು ಅಂಟು ಸೋರಿ ಅವನ ಲುಂಗಿ ಬೆಂಚಿಗೆ ಹಿಡಿದುಕೊಂಡಿತ್ತು. ಹೆಂಡತಿ ಸೋಮಮ್ಮ ಕತ್ತರಿ ತಂದು ಬಿಡಿಸಬೇಕಾಯಿತು. ಅದನ್ನು ಅವಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಅವನ ಸೋದರತ್ತೆ ಚಿಕ್ಕಮಾದಮ್ಮನನ್ನು ಊರಲ್ಲೇ ಕೊಟ್ಟಿದ್ದಾರೆ. ಅವಳ ಗಂಡ ಪುಟ್ಟಮಾದಯ್ಯ ದಿನಾ ಬೆಳಿಗ್ಗೆ ಮಂಡಿಗೆ ಹರಳೆಣ್ಣೆ ತಿಕ್ಕಿಕೊಂಡು ಅಂಗಡಿಗೆ ಹರಟೆಗೆ ಬರುವವನು. ಒಂದು ದಿನ ಸಿದ್ದರಾಜು ಬಟ್ಟಲಲ್ಲಿ ಕಂದುಬಣ್ಣದ ಅಂಟು ಕಲಸಿಟ್ಟು ಮರ ತರಲು ಹೋಗಿದ್ದ. ಪುಟ್ಟಮಾದಯ್ಯ ಆಲೆಮನೆಯಿಂದ ಬಂದ ಪಾಕ ಅಂದುಕೊಂಡು ಬೆರಳು ಅದ್ದಿಯೇಬಿಟ್ಟ. ನಮ್ಮ ಕಡೆಯವರಿಗೆ ಆ ಬಣ್ಣ ಕಂಡರೆ ಬೆಲ್ಲ ಬಿಟ್ಟು ಬೇರೆ ಏನೂ ನೆನಪಾಗುವುದಿಲ್ಲ.

"ನೆಕ್ಬ್ಯಾಡ ಮಾವ! ಅದು ಬೆಲ್ಲ ಅಲ್ಲ!" ಅಂತ ಸಿದ್ದರಾಜು ಮರ ಬಿಸಾಕಿ ಓಡಿಬಂದ.

"ಬೆಲ್ಲ ಅಲ್ದಿದ್ರೆ ಇನ್ನೇನ್ಲಾ? ಈ ಪಾಟಿ ಪಳಪಳ ಅಂತದೆ!"

ನೆಕ್ಕಲಿಲ್ಲ, ಪುಣ್ಯ. ಆದರೆ ಎಷ್ಟು ಒರೆಸಿದರೂ ಅಂಟು ಹೋಗಲಿಲ್ಲ. ದಿನವಿಡೀ ವೋಟು ಹಾಕಿ ಬಂದವನ ಹಾಗೆ ಬೆರಳೆತ್ತಿಕೊಂಡು ಊರು ಸುತ್ತಿದ. ಮಾರನೆ ಬೆಳಿಗ್ಗೆ ಹಲ್ಲುಜ್ಜಲು ಹೋದಾಗ ಅದು ಟೋಪಿ ಕಳಚಿದಂತೆ ಇಡಿಯಾಗಿ ಕಳಚಿಕೊಂಡು ಬಂತು. ಬೆರಳಲ್ಲಿದ್ದ ಹರಳೆಣ್ಣೆ ಅಂಟನ್ನು ಕಚ್ಚಲು ಬಿಟ್ಟಿರಲಿಲ್ಲ. ಒಳಗೆ ಬೆರಳ ಗೆರೆಯೆಲ್ಲ ಮೂಡಿತ್ತು. ಸಿದ್ದರಾಜು ಆ ಬೆರಳಟೋಪಿಯನ್ನು ಅಂಗಡಿಯಲ್ಲಿ ಬುದ್ಧನ ಫೋಟೋ ಇರುವ ಹಲಗೆಯ ಮೇಲೆ ಇಟ್ಟ. ಬಂದವರೆಲ್ಲ ಅದನ್ನು ಹಾಕಿಕೊಂಡು ನೋಡುವುದು, ನಗುವುದು.

ಕೋಲಿಗೂ ಜನ ಬಂದರು. ಕೆರಗೋಡಿನ ರೈತರೊಬ್ಬರು ಹಿಡಿಯೊಳಗೆ ತಮ್ಮ ಗದ್ದೆಯ ಭತ್ತ ಹಾಕಿಸಿಕೊಂಡರು. ರಿಟೈರಾದ ಡ್ರೈವರೊಬ್ಬರು ಸರ್ಕಾರಿ ಬಸ್ಸಿನ ಕೆಂಪೇ ಬೇಕು ಅಂತ ಹಟ ಹಿಡಿದು, ನಿಂತ ಬಸ್ಸಿನ ಪಕ್ಕ ಕೋಲು ಹಿಡಿದು ಬಣ್ಣ ತಾಳೆ ನೋಡಿ ಒಪ್ಪಿಕೊಂಡರು. ಮೊದಲೆಲ್ಲ ಕೋಲು ಹಿಡಿಯಲು ನಾಚುತ್ತಿದ್ದವರು ಈಗ "ನಿಂದ್ರಲ್ಲಿ ಏನಾಕ್ಸಿದ್ದೀಯಾ, ತೋರ್ಸು" ಅಂತ ಒಬ್ಬರದೊಬ್ಬರು ಕಿತ್ತುಕೊಂಡು ನೋಡುತ್ತಾರೆ.

ಇಷ್ಟೆಲ್ಲ ಮಾಡಿದವನಿಗೆ ಸ್ವಂತ ಅತ್ತೆಯನ್ನು ಒಂದು ಹೊಸಿಲು ದಾಟಿಸುವುದು ಕಷ್ಟವಾಯಿತು.

ನಮ್ಮಲ್ಲಿ ಚಪ್ಪರದ ದಿನ ಹೆಣ್ಣನ್ನು ಹಸೆಮಣೆಯ ಮೇಲೆ ಕೂರಿಸಿ ಸೋಬಾನೆ ಪದ ಹೇಳುತ್ತೇವೆ. ಚಿಕ್ಕಮಾದಮ್ಮ ಎತ್ತಿಕೊಟ್ಟರೆ ನಾನು ಹಿಂದಿನಿಂದ ದನಿ ಕೂಡಿಸುವವಳು. ಅವಳು ಕೂತು ಹಾಡಿದವಳಲ್ಲ. ಹಸೆಯ ಮುಂದೆ ನಿಂತು, ಹೆಣ್ಣಿನ ಹೆಸರು, ಅವಳಪ್ಪನ ಹೆಸರು, ಆ ಮನೆಯ ಎಮ್ಮೆಯ ಹೆಸರನ್ನೂ ಪದದೊಳಗೆ ಸೇರಿಸುತ್ತಿದ್ದಳು. ಹೋದ ವರ್ಷ ಬಚ್ಚಲ ಕಲ್ಲಿನ ಮೇಲೆ ಜಾರಿ ಸೊಂಟದ ಮೂಳೆ ಮುರಿಯಿತು. ಮಂಡ್ಯದಲ್ಲಿ ಆಪರೇಷನ್ ಆಯಿತು. ಕೋಲಿಲ್ಲದೆ ಹೆಜ್ಜೆ ಇಡಬಾರದು ಅಂದರು. ಬೀದಿಯಲ್ಲಿ ಯಾವುದೋ ಬಿದಿರುಕೋಲು ಹಿಡಿದು ಓಡಾಡುವಳು. ತನ್ನ ಮನೆಯಲ್ಲಿ ಗೋಡೆ ಹಿಡಿದು ನಡೆಯುವಳು. ಬೇರೆಯವರ ಮನೆಗೆ ಮಾತ್ರ ಹೋಗುವುದನ್ನೇ ಬಿಟ್ಟಳು. ಆಮೇಲೆ ನಡೆದ ಮದುವೆಗಳಲ್ಲಿ ಫೋನಿನೊಳಗಿನ ಪದವನ್ನು ದೊಡ್ಡ ಡಬ್ಬದಲ್ಲಿ ಕೂಗಿಸಿದರು. ಆ ಡಬ್ಬಕ್ಕೆ ಹೆಣ್ಣಿನ ಹೆಸರೇ ಗೊತ್ತಿರುವುದಿಲ್ಲ.

ಸಿದ್ದರಾಜುವಿನ ಮಗಳು ಶೋಭಿತಾಳಿಗೆ ಕೆರಗೋಡಿನ ಗಂಡು ಗೊತ್ತಾಯಿತು. ಮಂಡ್ಯದಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಹುಡುಗಿ. ಒಡವೆ ಸೀರೆ ಯಾವುದಕ್ಕೂ ತಕರಾರು ತೆಗೆಯಲಿಲ್ಲ. "ಅಜ್ಜಿ ಬಂದು ನನ್ ಹೆಸರು ಹಾಕಿ ಪದ ಹೇಳ್ಬೇಕು ಕಣಪ್ಪಾ. ಡಬ್ಬ ಕೂಗ್ಸುದ್ರೆ ಹಸೆ ಮ್ಯಾಲಿಂದ ಎದ್ದು ಬಂದ್ಬುಡ್ತೀನಿ" ಅಂದಳು. ಸಿದ್ದರಾಜುವಿಗೂ ಅದೇ ಆಸೆ. ಅವನ ಮದುವೆಗೂ ಅತ್ತೆಯೇ ಹಾಡಿದ್ದಳು.

ಹಲಸಿನ ಮರದ ಒಂದು ಕೋಲು ಕಡೆದ. ಹಿಡಿಯಲ್ಲಿ ತಿಳಿ ಅಂಟು, ಅದರೊಳಗೆ ಒಣಗಿಸಿದ ಕನಕಾಂಬರದ ಎಸಳು. ಗಂಡ ಹೆಂಡತಿ ತಾಂಬೂಲದ ಜೊತೆಗೆ ಅದನ್ನು ತೆಗೆದುಕೊಂಡು ಬಂದಾಗ ನಾನು ಚಿಕ್ಕಮಾದಮ್ಮನ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ.

"ನಿನ್ ಅಳ್ತೆಗೇ ಮಾಡಿವ್ನಿ ಅತ್ತೆ. ಒಸಿ ನಡ್ದು ನೋಡು."

ಅವಳು ಬೀದಿಯಲ್ಲಿ ಆ ಕಡೆ ಈ ಕಡೆ ನಡೆದು ಬಂದಳು. ಮುಖ ಅರಳಿತ್ತು. "ಚೆಂದಾಗದೆ ಕಲಾ. ಇಷ್ಟ್ ದಿನ ಕನಕಾಂಬ್ರ ಮುಡ್ಕತಿದ್ದೆ, ಈಗ ಇಡ್ಕಳಂಗಾಯ್ತು."

"ಅಂಗಾರೆ ಚಪ್ರದ ದಿನ ಬತ್ತೀಯಾ?"

"ಚಪ್ರದ ಕೆಳಗಂಟ ಬತ್ತೀನಿ."

"ಒಳಕ್ಕೆ?"

"ಈ ಕೋಲ ಇಡ್ಕಂಡಾ? ಬೀದಿ ಸಗಣಿ, ಕೆಸ್ರು ಎಲ್ಲಾ ತುಳ್ಕಂಡ್ ಬಂದದ್ದ ಹಸೆ ಮುಂದೆ ರಂಗೋಲಿ ಮ್ಯಾಲೆ ಊರನಾ?"

"ತುದಿ ತೊಳ್ದು ಕೊಡ್ತೀನಿ ಬುಡತ್ತೆ."

"ತೊಳ್ದ್‌ಬುಟ್ರೆ ಚಪ್ಪಲಿ ಮೆಟ್ಕಂಡು ಅಡಿಗೆಮನೆಗೆ ಓಯ್ತೀಯೇನ್ಲಾ?"

ಸೋಮಮ್ಮ ನಡುವೆ ಬಂದಳು. "ನಾವಿಬ್ರೂ ರಟ್ಟೆ ಇಡ್ಕಂಡು ಕರ್ಕಂಡೋಯ್ತೀವಿ ಬನ್ನಿ ಅತ್ತೆ."

"ಅಂಗ್ ಎಳ್ಕಂಡೋದ್ರೆ ಇರೋ ಉಸ್ರೆಲ್ಲಾ ನಡ್ಯಕ್ಕೇ ಆಗೋಯ್ತದೆ ಕಣವ್ವ. ಆಮ್ಯಾಕೆ ಹಾಡಕ್ಕೆ ಸೈಕಲ್ ಪಂಪು ತಂದು ಗಾಳಿ ಒಡ್ದೀಯಾ?"

"ಒಳಕ್ಕೇಂತ ಇನ್ನೊಂದು ಕೋಲು ಮಾಡಿ ಬಾಗ್ಲಲ್ಲಿ ಇಟ್ಟಿರ್ತೀನಿ" ಅಂದ ಸಿದ್ದರಾಜು.

"ನಿಮ್ಮನೇಲಿ ಇಡ್ತೀಯಾ. ನಾಳೆ ಇನ್ನೊಬ್ರು ಕರುದ್ರೆ? ಊರ್ನಾಗೆ ಬಾಗ್ಲುಬಾಗ್ಲಿಗೂ ಕೋಲು ನೆಟ್ಕಂಡ್ ಬತ್ತೀಯಾ?"

ಒಳಗಿನಿಂದ ಪುಟ್ಟಮಾದಯ್ಯ ಕೂಗಿದ. "ಕೋಲಿಗೂ ಒಂದ್ ಜೊತೆ ಚಪ್ಪಲಿ ಒಲ್ಸಿ ಕೊಡ್ಲಾ, ಅದೂ ಬಾಗ್ಲಲ್ಲಿ ಬುಟ್ಟು ಬರ್ಲಿ!"

"ಜೊತೆ ಯಾಕೆ, ಅದ್ಕಿರದು ಒಂದೇ ಕಾಲು" ಅಂದೆ ನಾನು. ಎಲ್ಲರೂ ನಕ್ಕೆವು. ಸಿದ್ದರಾಜು ಮಾತ್ರ ನಗಲಿಲ್ಲ. ಕೋಲು ಇಸಿದುಕೊಂಡು ಸೋಮಮ್ಮನನ್ನೂ ಮರೆತು ಅಂಗಡಿಗೆ ಓಡಿದ. ಹಲಗೆ ಮೇಲಿನ ಬೆರಳಟೋಪಿಯನ್ನು ತೆಗೆದು ಬೆರಳಿಗೆ ಹಾಕುವುದು, ಕಳಚುವುದು, ಮತ್ತೆ ಹಾಕುವುದು, ಹೀಗೇ ಕೂತಿದ್ದನಂತೆ.

ಕೋಲಿನ ತುದಿಗೆ ಹರಳೆಣ್ಣೆ ಸವರಿ, ಸುತ್ತ ಹಳದಿ ಅಂಟು ಹೊಯ್ದು, ಒಂದು ಚಪ್ಪಲಿ ಮಾಡಿದ. ತಳಕ್ಕೆ ಟೈರಿನ ತುಂಡು. ಒಳಗಿರುವ ಕೋಲಿನ ತುದಿಗೆ ಜಾರದ ಹಾಗೆ ತೆಳ್ಳಗೆ ಬೇರೆ ರಬ್ಬರು, ಬೀದಿಯನ್ನೇ ಕಾಣದ್ದು. ಚಪ್ಪಲಿಯ ಪಕ್ಕಕ್ಕೆ ತುಟಿಯಂತೆ ಒಂದು ಅಂಚು ಬಿಟ್ಟಿದ್ದ. ಚಿಕ್ಕಮಾದಮ್ಮ ಬಗ್ಗುವ ಹಾಗಿರಲಿಲ್ಲವಲ್ಲ, ಅದನ್ನು ಕಾಲಲ್ಲಿ ಮೆಟ್ಟಿ ಕೋಲನ್ನು ಮೇಲಕ್ಕೆಳೆದರೆ ಆಯಿತು. ಅವಳಿಗೂ ಆಸೆ ಹುಟ್ಟಿತು. ಹಾಕಿಕೊಂಡು ಕಾಲುವೆ ತನಕ ಹೊರಟಳು. ಕೆಸರಿಗೆ ಬಂದಾಗ ಚಪ್ಪಲಿ ಅಲ್ಲೇ ಹೂತುಕೊಂಡಿತು, ಕೋಲು ಬರಿಗಾಲಲ್ಲಿ ಎದ್ದು ಬಂತು. ಹಿಂದೆ ಬರುತ್ತಿದ್ದ ಎಮ್ಮೆ ಅದರ ಮೇಲೆ ಕಾಲಿಟ್ಟು ಹೋಯಿತು.

"ಎಮ್ಮೆಗೆ ಅಳ್ತೆ ಸರಿ ಅದೆಯಾ ಕೇಳ್ಲಾ" ಅಂದ ಪುಟ್ಟಮಾದಯ್ಯ.

ಎರಡನೆಯದನ್ನು ಬಿಗಿಯಾಗಿ ಮಾಡಿದ. ಅದು ಕೆಸರಿಗೆ ಹೆದರಲಿಲ್ಲ, ಆದರೆ ಬಾಗಿಲಿಗೆ ಬಂದಾಗ ಬಿಡಲೇ ಒಲ್ಲದು. ಚಿಕ್ಕಮಾದಮ್ಮ ಮೆಟ್ಟಿ ಎಳೆದಳು, ಇನ್ನೂ ಜೋರಾಗಿ ಎಳೆದಳು. ಒಮ್ಮೆಲೇ ಕಿತ್ತುಕೊಂಡು ಬಂದಾಗ ಹಿಂದಕ್ಕೆ ವಾಲಿದಳು. ನಾನೂ ಸೋಮಮ್ಮನೂ ಹಿಡಿಯದೇ ಇದ್ದಿದ್ದರೆ ಮತ್ತೆ ಸೊಂಟ ಹೋಗುತ್ತಿತ್ತು. ಜಗುಲಿ ಮೇಲೆ ಕೂತು ಸುಧಾರಿಸಿಕೊಂಡು, "ಬುಟ್‌ಬುಡ್ಲಾ ಸಿದ್ದ, ಡಬ್ಬನೇ ಆಕ್ಸು" ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಅಂದಳು. ಅವನು ಚಪ್ಪಲಿ ಎತ್ತಿಕೊಂಡು ಮನೆಗೆ ಹೋದ.

ಚಪ್ಪರ ಹಾಕಲು ಹಸಿರು ಸೋಗೆ ಬಂದಿಳಿಯಿತು. ಮನೆ ತುಂಬ ನೆಂಟರು. ಬಚ್ಚಲಿನ ಬಲ್ಬು ಹೋಗಿದೆ ಅಂತ ಸೋಮಮ್ಮ ಅವನ ಕೈಗೆ ಹೊಸದನ್ನು ಕೊಟ್ಟು ಸ್ಟೂಲು ಹತ್ತಿಸಿದಳು. ಹತ್ತಿದವನು ಇಳಿಯಲೇ ಇಲ್ಲ. ಬಲ್ಬನ್ನು ಒತ್ತುವುದು, ತಿರುಗಿಸುವುದು, ತೆಗೆಯುವುದು. ಮತ್ತೆ ಒತ್ತುವುದು, ತಿರುಗಿಸುವುದು.

"ಏನ್ ನಿಮ್ದು? ಸ್ನಾನಕ್ಕೆ ನೆಂಟ್ರು ನಿಂತವ್ರೆ!" ಅಂತ ಸೋಮಮ್ಮ ಕೂಗಿದಳು.

"ನಿಂತ್ಕಳ್ಳಿ ಬುಡೇ! ಸಿಕ್ತು ಕಣೇ, ಸಿಕ್ತು!" ಅಂತ ಬಲ್ಬನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೊರಟುಹೋದ. ನೆಂಟರು ಕತ್ತಲಲ್ಲೇ ಮಿಂದರು.

ಚಪ್ಪರದ ದಿನ ಸಂಜೆಗೆ ಮುಂಚೆ ಹೊಸ ಚಪ್ಪಲಿ ಹಾಕಿದ ಕೋಲನ್ನು ಚಿಕ್ಕಮಾದಮ್ಮನ ಮುಂದಿಟ್ಟ. ಕೋಲಿನ ತುದಿಯಲ್ಲಿ ಬಲ್ಬಿಗಿರುವಂತೆ ಎರಡು ಸಣ್ಣ ಮೊಳೆ, ಚಪ್ಪಲಿಯೊಳಗೆ ಅವು ತಿರುಗಿ ಕೂರುವ ಕಚ್ಚು. "ಎಳೀಬ್ಯಾಡ ಅತ್ತೆ. ಅಂಚು ಮೆಟ್ಕ. ಮಜ್ಜಿಗೆ ಕಡಿಯಂಗೆ ಒಸಿ ತಿರುಗ್ಸು. ಎತ್ತು."

ಅವಳು ನನ್ನ ಮುಖ ನೋಡಿದಳು. ನಾನು ಅವಳ ಹಿಂದೆ ನಿಂತುಕೊಂಡೆ. ಮೆಟ್ಟಿದಳು, ತಿರುಗಿಸಿದಳು. ಟಿಕ್ ಅಂತು. ಕೋಲು ಹೂವಿನ ಹಾಗೆ ಎದ್ದು ಬಂತು.

"ಒಳ್ಳೇ ಸೀರೆ ಉಟ್ಕಳೇ, ಓಗನ" ಅಂದಳು ನನಗೆ.

ಸಿದ್ದರಾಜುವಿನ ಮನೆ ಬಾಗಿಲಲ್ಲಿ ಚಪ್ಪಲಿ ರಾಶಿ. ಅವಳು ತನ್ನದನ್ನು ಬಿಟ್ಟಳು. ಆಮೇಲೆ ಕೋಲಿನದನ್ನು ಮೆಟ್ಟಿ, ತಿರುಗಿಸಿ, ಬಿಟ್ಟಳು. ಹಳದಿ ಚಪ್ಪಲಿ ಪುಟ್ಟ ಲೋಟದ ಹಾಗೆ ಅಲ್ಲಿ ನಿಂತುಕೊಂಡಿತು. ಯಾರ ಕೈಯನ್ನೂ ಹಿಡಿಯದೆ ಹೊಸಿಲು ದಾಟಿದಳು. ಹಸೆಮಣೆ ಮೇಲಿದ್ದ ಶೋಭಿತಾ "ಅಜ್ಜೀ!" ಅಂತ ಎದ್ದೇಬಿಟ್ಟಳು. ಸೋಮಮ್ಮ ಭುಜ ಒತ್ತಿ ಕೂರಿಸಿದಳು.

ಒಂದು ವರ್ಷ ಮುಚ್ಚಿಟ್ಟ ದನಿ. ಮೊದಲ ಸಾಲಿಗೆ ಸ್ವಲ್ಪ ಒಡೆಯಿತು, ಎರಡನೆಯದಕ್ಕೆ ನೆಟ್ಟಗಾಯಿತು. ಶೋಭಿತಾಳ ಹೆಸರು ಬಂತು, ಸಿದ್ದರಾಜು, ಸೋಮಮ್ಮ ಬಂದರು, ಬೆಂಚಿಗೆ ಹಿಡಿದುಕೊಂಡ ಲುಂಗಿಯೂ ಬಂತು. ಕೋಲಿನಿಂದ ನೆಲಕ್ಕೆ ಮೆತ್ತಗೆ ತಾಳ ಹಾಕುತ್ತಿದ್ದಳು. ಕೆರಗೋಡಿನಿಂದ ಸೀರೆ ತಂದಿದ್ದ ಗಂಡಿನ ಕಡೆಯ ಹೆಂಗಸರು ಸಾಲಾಗಿ ಕೂತಿದ್ದರು. ಅವರ ಕಡೆ ತಿರುಗಿದವಳು, ನಾನು ಎಂದೂ ಕೇಳದ ಸಾಲನ್ನು ಅಲ್ಲೇ ಕಟ್ಟಿದಳು.

ಬೀದಿಯ ಕೆಸರ ಬಾಗಿಲಲಿ ಬಿಟ್ಟು
ಒಳಗೆ ಬಂದಾನೆ ಕೋಲಣ್ಣ,
ಕೆರಗೋಡ ಬೀಗರೆ ಕಾಲ ನೋಡಿಕೊಳ್ಳಿ,
ನಮ್ಮ ಕೋಲಿನ ನಯ ಕಲಿಯಿರಣ್ಣ!

ನಾನು ದನಿ ಕೂಡಿಸುವುದನ್ನೇ ಮರೆತು ನಕ್ಕುಬಿಟ್ಟೆ. ಬೀಗಿತ್ತಿಯೊಬ್ಬಳು ನಿಜವಾಗಿಯೂ ಸೀರೆ ಎತ್ತಿ ತನ್ನ ಕಾಲು ನೋಡಿಕೊಂಡಳು. ಸಿದ್ದರಾಜು ಬಾಗಿಲಲ್ಲಿ ನಿಂತು, ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡ.

ಹೊರಡುವಾಗ ಯಲಿಯೂರಿನಿಂದ ಬಂದಿದ್ದ ನೆಂಟರೊಬ್ಬರು ತಮ್ಮ ಮಗಳ ಮದುವೆಗೂ ಬರಬೇಕು ಅಂತ ಅವಳ ಕೈ ಹಿಡಿದುಕೊಂಡರು. "ಬತ್ತೀನಿ, ಅದ್ಕೇನಂತೆ" ಅಂದಳು ಚಿಕ್ಕಮಾದಮ್ಮ. ಬಾಗಿಲಿಗೆ ಬಂದು ನೋಡಿದರೆ ಅವಳ ಚಪ್ಪಲಿ ಇದೆ, ಕೋಲಿನದು ಇಲ್ಲ.

"ಅಯ್ಯೋ, ಮದ್ವೆಮನೇಲಿ ಕೋಲಿನ್ ಚಪ್ಪಲಿನೂ ಬುಡಾಕಿಲ್ವಲ್ಲಪ್ಪಾ!"

ಚಪ್ಪರದ ಕೆಳಗಿನ ಕುರ್ಚಿಯಿಂದ ಪುಟ್ಟಮಾದಯ್ಯ ಎದ್ದು ಬಂದ. ಹಾಡು ಶುರುವಾದಾಗಿನಿಂದ ಅದನ್ನು ಜುಬ್ಬದ ಜೇಬಿನಲ್ಲಿ ಇಟ್ಟುಕೊಂಡು ಕಾಯುತ್ತ ಕೂತಿದ್ದನಂತೆ. ಮಂಡಿ ನೋವಿನವನು ನಿಧಾನವಾಗಿ ಬಗ್ಗಿ ನೆಲದ ಮೇಲಿಟ್ಟು ಕೈಯಲ್ಲಿ ಹಿಡಿದುಕೊಂಡ.

"ನನ್ ಚಪ್ಪಲಿನ ಒಂದಿನಾದ್ರೂ ಇಂಗೆ ಕಾದಿದ್ಯಾ?" ಅಂದಳು ಅವಳು.

"ನಿಂದು ಎಲ್ಲಾ ಅಂಗಡೀಲೂ ಸಿಕ್ತದೆ ಕಣಮ್ಮಿ. ಇದು ಸಿದ್ದನ ತಾವು ಮಾತ್ರ. ಊರು, ಊರು ಬ್ಯಾಗ. ಮಂಡಿ ನೋಯ್ತದೆ."

ಅವಳು ಕೋಲು ಊರಿ ತಿರುಗಿಸಿದಳು. ಟಿಕ್ ಅಂತು. ಇಬ್ಬರೂ ಬೀದಿಗೆ ಇಳಿದರು.