ಕುದುರೆಗಳ ತಾಯಿಬೇರು ಹುಡುಕುತ್ತಿದ್ದ ನಮ್ಮ ಜೆಸ್ಸಿ ಡಾಕ್ಟ್ರು

ಇಲ್ಲ... ಇದು ಸುಳ್ಳು ಸುದ್ದಿ ಇರಬೇಕು ಎಂದು ಮೂರು ಜನರಿಗೆ ಫೋನ್ ಮಾಡಿದೆ.
ಮೂವರೂ ಹೇಳಿದ್ದು ಒಂದೇ.
ನಮ್ಮ ಜೆಸ್ಸಿ ಡಾಕ್ಟ್ರು ಇಂದು ಬೆಳಿಗ್ಗೆ ಹೋಗಿಬಿಟ್ಟರು...
ಹಾರ್ಟ್ ಅಟ್ಯಾಕ್. ನೆಲ್ಯಾಡಿಯ ಮನೆಯಲ್ಲೇ.

ನಿನ್ನೆ ಸಂಜೆ ಪೆರಾಬೆಯಲ್ಲಿ ಕಷ್ಟದಲ್ಲಿದ್ದ ಒಂದು ದನಕ್ಕೆ ಕರು ಹಾಕಿಸಿ ಬಂದಿದ್ದೆವು.
ಇಬ್ಬರೂ ಒಟ್ಟಿಗೇ...

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.
ಅವರು ಕಡಬ ಕಡೆಯ ಪಶುವೈದ್ಯೆ. ನಾನು ಒಂಬತ್ತು ವರ್ಷ ಅವರ ಜೊತೆ ಕೆಲಸ ಮಾಡಿದವಳು.
ದಿನವಿಡೀ ದನ, ಆಡು, ನಾಯಿ...
ಮನಸ್ಸು ಮಾತ್ರ ಕುದುರೆಯಲ್ಲಿ.

ನಮ್ಮ ದೇಶದ ಕುದುರೆ ತಳಿಗಳ ತಾಯಿಮೂಲ... ಅದು ಅವರ ಪಿಎಚ್‌ಡಿ ವಿಷಯ.
ಜೀವಕೋಶದೊಳಗೆ ಮೈಟೊಕಾಂಡ್ರಿಯ ಅಂತ ಇದೆಯಲ್ಲ, ಅದರ ಡಿಎನ್‌ಎ ಮರಿಗೆ ಬರುವುದು ತಾಯಿಯಿಂದ ಮಾತ್ರ. ಅದನ್ನೇ ಹಿಡಿದು ಹೋದರೆ ಅಮ್ಮ, ಅಜ್ಜಿ, ಮುತ್ತಜ್ಜಿ... ಸಾವಿರಾರು ವರ್ಷ ಹಿಂದಕ್ಕೆ ಹೋಗಬಹುದಂತೆ.

"ನಮ್ಮ ತುಳುವರ 'ಬರಿ'ಯ ಹಾಗೆ ಅಲ್ವಾ ಡಾಕ್ಟ್ರೆ? ನಮಗೂ ಕುಲದ ಹೆಸರು ಅಮ್ಮನಿಂದಲೇ ಬರುದು" ಅಂದಿದ್ದೆ.
"ಅಷ್ಟೇ ಮಾರಾಯ್ತಿ. ನನಗೆ ಇದು ಅರ್ಥ ಆಗ್ಲಿಕ್ಕೆ ಒಂದು ವಾರ ಬೇಕಾಗಿತ್ತು" ಎಂದು ನಕ್ಕಿದ್ದರು.

ತಾಯಿ ಹಾಸಿಗೆ ಹಿಡಿದಾಗ ಅದೆಲ್ಲ ಅರ್ಧಕ್ಕೇ ಬಿಟ್ಟು ಊರಿಗೆ ಬಂದವರು.
ತಾಯಿ ಹೋದ ಮೇಲೂ ಮರಳಿ ಹೋಗಲಾಗಲಿಲ್ಲ.

ಜೆಸ್ಸಿ ಡಾಕ್ಟ್ರೆ...
ಅಬ್ಬಾಸ್ ಬ್ಯಾರಿ ನಿಮಗೆ ನೆನಪಿದ್ದಾರಲ್ಲ?
ಉಪ್ಪಿನಂಗಡಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದವರು. ಅವರ ಹೆಣ್ಣುಕುದುರೆ ಸತ್ತು ವರ್ಷಗಳಾಗಿದ್ದವು. ಅದರ ಒಂದೇ ಮರಿಯನ್ನು, ಬ್ಯಾರಿ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದಾಗ ಮನೆಯವರು ಯಾರಿಗೋ ಕೊಟ್ಟುಬಿಟ್ಟಿದ್ದರು.
ಪುತ್ತೂರಿನ ಒಂದು ಮದುವೆಯಲ್ಲಿ, ಹಣೆಯ ಮೇಲೆ ಆ ಮರಿಗಿದ್ದಂಥದೇ ಬಿಳಿ ಮಚ್ಚೆಯ ಕುದುರೆ ಕಂಡು ನಿಮ್ಮ ಹತ್ತಿರ ಓಡಿ ಬಂದರು.
ಕೈಯಲ್ಲಿ ಕಾಗದದ ಪೊಟ್ಟಣ. ಸತ್ತ ಕುದುರೆಯ ಬಾಲದ ಕೂದಲು.

"ಇದು ಅಮ್ಮಂದು ಡಾಕ್ಟ್ರೆ. ಅದು ಇದ್ರ ಮಗಳೇ ಹೌದಾ ಅಂತ ನೋಡ್ಲಿಕ್ಕೆ ಆಗ್ತದಾ?"

ಹಳೆಯ ಕೂದಲಲ್ಲೂ ಆ ಡಿಎನ್‌ಎ ಉಳಿದಿರಬಹುದು ಎಂದಿರಿ. ಹೇಳುವಾಗ ನಿಮ್ಮ ಮುಖ...
ಅಷ್ಟು ಸಂತೋಷ ಅದರಲ್ಲಿ ನಾನು ನೋಡಿರಲಿಲ್ಲ.
"ಎರಡೂ ಒಂದೇ ಬಂದ್ರೂ ಮಗಳು ಅಂತ ಖಂಡಿತ ಹೇಳ್ಲಿಕ್ಕಾಗುದಿಲ್ಲ. ಬೇರೆ ಬಂದ್ರೆ ಅಲ್ಲ ಅಂತ ಹೇಳ್ಬಹುದು" ಎಂದು ಮೊದಲೇ ತಿಳಿಸಿದಿರಿ.
ಪುತ್ತೂರಿಗೆ ಹೋಗಿ ಆ ಕುದುರೆಯ ಕೂದಲನ್ನೂ ತಂದು, ನಿಮ್ಮ ಹಳೆಯ ಲ್ಯಾಬಿನ ಗೆಳತಿಗೆ ಕಳಿಸಿದಿರಿ.

ರಿಪೋರ್ಟ್ ಬಂತು.
ಎರಡೂ ಬೇರೆ ಬೇರೆ...

"ಫೋನಲ್ಲಿ ಹೇಳಿಬಿಡಿ ಡಾಕ್ಟ್ರೆ" ಎಂದೆ.
"ಬೇಡ ಶಶೀ. ಹೋಗಿಯೇ ಹೇಳುವ."
ಅಬ್ಬಾಸ್ ಬ್ಯಾರಿಯವರ ಜಗಲಿಯಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದಿರಿ.
ಎಲ್ಲ ಕೇಳಿದ ಅವರು, "ಆಗ್ಲಿ. ಅದಕ್ಕೂ ಒಬ್ಬಳು ಅಮ್ಮ ಇದ್ದಳಲ್ಲ ಡಾಕ್ಟ್ರೆ" ಎಂದರು.
ಆ ಮೇಲೆಯೂ ಅವರು ಬೇಯಿಸಿದ ಹುರುಳಿ ಕಟ್ಟಿಕೊಂಡು ಆ ಕುದುರೆ ನೋಡಲು ಪುತ್ತೂರಿಗೆ ಹೋಗುತ್ತಲೇ ಇದ್ದರು...

ಅಂದು ಅವರ ಮನೆಯಿಂದ ವಾಪಸು ಬರುವಾಗ ಜೀಪಿನಲ್ಲಿ ನೀವು ಕೇಳಿದಿರಿ.
"ಹೌದು ಅಂತ ಒಂದು ಸುಳ್ಳು ಹೇಳ್ಬಹುದಿತ್ತಾ ಶಶೀ?"
ನಾನು ಸುಮ್ಮನಿದ್ದೆ. ನಿಮ್ಮ ಕಣ್ಣು ಒದ್ದೆಯಾಗಿತ್ತು, ಅದಕ್ಕೆ.

ಇಲ್ಲ ಡಾಕ್ಟ್ರೆ... ನೀವು ಮಾಡಿದ್ದೇ ಸರಿ.
ನಿಜ ಹೇಳಲು ಅಷ್ಟು ದೂರ ಹೋದವರು ನೀವು.
ಇದನ್ನು ಅಂದೇ ನಿಮಗೆ ಹೇಳಬೇಕಿತ್ತು...

ನಾಳೆ ಬೆಳಿಗ್ಗೆ ನೆಲ್ಯಾಡಿಯ ಚರ್ಚಿನಲ್ಲಿ ಅಂತ್ಯಕ್ರಿಯೆ. ಬರುವವರು ಬನ್ನಿ.

ಹೋಗಿ ಬನ್ನಿ ಡಾಕ್ಟ್ರೆ...
ನಿಮ್ಮ ಅಮ್ಮನ ಪಕ್ಕದಲ್ಲಿ ನಿಮ್ಮ ಜೀವ ತಣ್ಣಗಿರಲಿ.